ಬೆಳಗಿನ ಚಿಂತನದಿಂದ ರಾತ್ರಿಯ ನಾಟಕದವರೆಗೆ: ಒಂದಿಡೀ ದಿನ ಆಕಾಶವಾಣಿಯ ಮಾತು ಕೇಳಿದೆ

ಬಾನುಲಿಕಿವಿ

ಕಳೆದ ಬುಧವಾರ ರಜೆ ಇತ್ತು. ಬಹಳ ದಿನದಿಂದ ಅಂದುಕೊಂಡಿದ್ದನ್ನು ಮಾಡಿದೆ. ಬೆಳಗ್ಗೆ 5.55ಕ್ಕೆ ಆಕಾಶವಾಣಿ ಹಾಕಿದವನು ರಾತ್ರಿ 11ಕ್ಕೆ ಆರಿಸಿದೆ. ಹಾಡು ಬಂದಾಗ ಎದ್ದು ಮನೆಗೆಲಸ ಮಾಡಿಕೊಂಡೆ. ಮಾತು ಬಂದಾಗ ಬಂದು ಕೂತೆ.

ಮೊದಲು ಆ ಸಂಕೇತ ರಾಗ. ಶಿವರಂಜನಿಯ ನೆರಳಿರುವ ಆ ಪಿಟೀಲು. ಅದನ್ನು ಕಟ್ಟಿದ್ದು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ. ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟು ಮುಂಬೈಗೆ ಬಂದು, ಅಲ್ಲಿನ ರೇಡಿಯೋದ ಸಂಗೀತ ವಿಭಾಗ ನೋಡಿಕೊಂಡವರು. ಮನೆ ಬಿಟ್ಟು ಬಂದವರೊಬ್ಬರ ರಾಗಕ್ಕೆ ನಮ್ಮಲ್ಲಿ ಎಷ್ಟು ಮನೆಗಳು ಎದ್ದಿವೆ ಅಲ್ವಾ?

ಆಮೇಲೆ ಚಿಂತನ. ಐದೇ ನಿಮಿಷ. ಅವತ್ತು ನಿವೃತ್ತ ಮೇಷ್ಟ್ರೊಬ್ಬರು ಮಾತಾಡಿದರು. ಅಂಗಡಿಯವನು ಮರೆತು ಚಿಲ್ಲರೆ ಜಾಸ್ತಿ ಕೊಟ್ಟಾಗ ನಮ್ಮ ಮನಸ್ಸು ಏನೇನು ಲೆಕ್ಕ ಹಾಕುತ್ತದೆ ಅನ್ನುವುದೇ ವಿಷಯ. ಉಪದೇಶ ಇಲ್ಲ. ತಮ್ಮ ಮನಸ್ಸು ಹಾಕಿದ ಲೆಕ್ಕವನ್ನೇ ಒಂದೊಂದಾಗಿ ಬಿಚ್ಚಿಟ್ಟರು. 6.55ಕ್ಕೆ "ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್". ಸಂಸ್ಕೃತ ವಾರ್ತೆ ಶುರುವಾಗಿದ್ದು 1974ರಲ್ಲಿ. ಒಂದಕ್ಷರ ಸಂಸ್ಕೃತ ಓದದ ನಮ್ಮಜ್ಜಿಗೆ ಆ ಸಾಲು ಬಾಯಿಗೆ ಬರುತ್ತಿತ್ತು. ಅವರಿಗೆ ಅದು ಹಾಲಿಗೆ ಹೋಗುವ ಹೊತ್ತು.

ಪ್ರದೇಶ ಸಮಾಚಾರ, ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮ, ಒಂದು ಆರೋಗ್ಯ ಸಂದರ್ಶನ, ಎಲ್ಲ ಕೇಳಿದೆ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಸಂಜೆಯ ಕೃಷಿರಂಗ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ವಿಜ್ಞಾನಿಯೊಬ್ಬರು ಹೇಳುತ್ತಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ಅದಕ್ಕಲ್ಲ. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಅಂತ ಅರ್ಥ. ಪ್ರತಿ ಅಳತೆಯನ್ನೂ ಎರಡೆರಡು ಸಲ ಹೇಳಿದರು. ಕೇಳುವವನ ಕೈಯಲ್ಲಿ ಪೆನ್ನು ಇರುತ್ತದೆ ಅನ್ನುವುದು ಅವರಿಗೆ ಗೊತ್ತು.

ನನಗೆ ಅಡಿಕೆ ತೋಟ ಇಲ್ಲ. ಇದನ್ನು ನಾನಾಗಿ ಹುಡುಕಿ ಕೇಳುತ್ತಲೂ ಇರಲಿಲ್ಲ. ಆದರೆ ಆ ಚಾಕು ಈಗಲೂ ಕಣ್ಣಮುಂದಿದೆ. ದಿನವಿಡೀ ಹೀಗೇ ಆಯಿತು. ನಾನು ಕೇಳದೇ ಇದ್ದದ್ದನ್ನು ಯಾರೋ ನನ್ನನ್ನು ಲೆಕ್ಕಕ್ಕೆ ಇಟ್ಟುಕೊಂಡು ಹೇಳಿದರು.

ನಿಮ್ಮ ಮನೆಯಲ್ಲಿ ಇನ್ನೂ ಮಾತಿನ ಕಾರ್ಯಕ್ರಮ ಕೇಳುತ್ತೀರಾ? ಯಾವುದು? ನೆನಪಲ್ಲಿ ಉಳಿದದ್ದು ಯಾವುದು? ದಯವಿಟ್ಟು ವಿವರವಾಗಿ ಬರೆಯಿರಿ.

ಧಾರವಾಡದ ಕಿವಿ

ನಮ್ಮದು 765 ಕಿಲೋಹರ್ಟ್ಸ್. ಧಾರವಾಡ ನಿಲಯ ಶುರುವಾಗಿದ್ದು 1950ರ ಜನವರಿ 8ಕ್ಕೆ. 1956ರಿಂದ ಬೇಂದ್ರೆಯವರು ಅಲ್ಲಿ ಸಾಹಿತ್ಯ ಸಲಹೆಗಾರರಾಗಿದ್ದರು. ಕಾದಂಬರಿಕಾರ ಎನ್ಕೆ ಕುಲಕರ್ಣಿಯವರು ಅಲ್ಲೇ ಕೆಲಸದಲ್ಲಿದ್ದರು. ಅಂಥವರು ಓಡಾಡಿದ ಜಾಗದಲ್ಲಿ ಮಾತಿನ ಕಾರ್ಯಕ್ರಮ ಸುಮ್ನೆ ಹೊತ್ತು ತುಂಬಿಸುವ ವಸ್ತು ಆಗುವುದು ಸಾಧ್ಯವೇ ಇರಲಿಲ್ಲ.

ನಮ್ಮ ತಂದೆ ನೇಕಾರರು. ಮಗ್ಗದ ಸದ್ದಿನ ನಡುವೆ ರೇಡಿಯೋ. ಹಾಡಾದರೆ ಮಗ್ಗ ನಡೆಯುತ್ತಿತ್ತು. ಭಾಷಣ ಬಂದರೆ ನಿಲ್ಲುತ್ತಿತ್ತು. ಹತ್ತು ನಿಮಿಷದ ಭಾಷಣಕ್ಕೆ ಹತ್ತು ನಿಮಿಷದ ನೇಯ್ಗೆ ಬಿಡುವುದು ಅಂದರೆ ಅದು ಕೂಲಿಯ ಲೆಕ್ಕ. ಅವರು ಬಿಡುತ್ತಿದ್ದರು. "ಅಂವ ಮನಿಗೆ ಬಂದು ಮಾತಾಡಾಕತ್ತಾನ, ಸದ್ದು ಮಾಡಬಾರದು" ಅನ್ನುತ್ತಿದ್ದರು.

ಇನ್ನೊಂದು ಮಾತು. ನಮ್ಮ ಕಡೆಯ ಕನ್ನಡ ರೇಡಿಯೋದಲ್ಲಿ ಬಂತಲ್ಲ, ಅದೊಂದು ದೊಡ್ಡ ಧೈರ್ಯ ಕೊಟ್ಟಿತು. ಹಳ್ಳಿಗರ ಕಾರ್ಯಕ್ರಮದಲ್ಲಿ, ನಾಟಕದಲ್ಲಿ ನಮ್ಮ ಮನೆಯ ಮಾತೇ ಕೇಳಿಸುತ್ತಿತ್ತು. ಪುಸ್ತಕದಲ್ಲಿ ಇಲ್ಲದ ನಮ್ಮ ಮಾತು ಸರ್ಕಾರದ ರೇಡಿಯೋದಲ್ಲಿ ಇದೆ ಅಂದರೆ ಅದು ತಪ್ಪು ಕನ್ನಡ ಅಲ್ಲ ಅಂತ ಆಯಿತಲ್ಲ.

ಹೊಸಗಾಳಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ತಪ್ಪು ತಿಳಿಯಬೇಡಿ.

ನನಗೆ ಮಾತಿನ ಕಾರ್ಯಕ್ರಮ ಅಂದರೆ ಪ್ರಾಣ. ಬಸ್ಸಲ್ಲಿ ಹೋಗಿ ಬರುವ ಎರಡು ಗಂಟೆ ಪಾಡ್‌ಕಾಸ್ಟ್ ಕೇಳುತ್ತೇನೆ. ಬೇಕಾದ ವಿಷಯ, ಬೇಕಾದ ಹೊತ್ತು. ಬೇಸರವಾದರೆ ಮುಂದೆ ಓಡಿಸಬಹುದು. ಆಕಾಶವಾಣಿಯಲ್ಲಿ ಸಂಜೆ ಆರೂವರೆಗೆ ಬರುವ ಸಂದರ್ಶನ ನನಗೆ ಬೇಕು, ಆದರೆ ಆಗ ನಾನು ಆಫೀಸಿನಲ್ಲಿ. ಅದು ಗಾಳಿಗೆ ಹೋಯಿತು. ಮತ್ತೆ ಸಿಗುವುದಿಲ್ಲ. ಒಳ್ಳೆಯ ಮಾತನ್ನು ಒಂದೇ ಸಲ ಹೇಳಿ ಬಿಟ್ಟುಬಿಡುವುದು ಕೇಳುಗನಿಗೂ ಮಾತಾಡಿದವರಿಗೂ ಅನ್ಯಾಯ ಅಲ್ವಾ? ಇದು ರೇಡಿಯೋ ಮೇಲಿನ ಸಿಟ್ಟಲ್ಲ. ಸಿಗಲಿ ಅನ್ನುವ ಆಸೆ.

ಹಳೇ ಉದ್ಘೋಷಕಿ

ಒಂಬತ್ತು ವರ್ಷ ಹಂಗಾಮಿ ಉದ್ಘೋಷಕಿಯಾಗಿ ಕೆಲಸ ಮಾಡಿದವಳು ನಾನು. ಯಾವ ನಿಲಯ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಒಳಗಿನ ಒಂದೆರಡು ವಿಷಯ ಹೇಳುತ್ತೇನೆ. ಕೇಳುವಾಗ ಇದು ತಿಳಿಯುವುದಿಲ್ಲ. ತಿಳಿಯಬಾರದು ಅಂತಲೇ ನಾವು ದುಡಿಯುತ್ತಿದ್ದೆವು.

ಭಾಷಣಕ್ಕೆ ಬರುವವರ ಬರಹವನ್ನು ಮೊದಲೇ ತರಿಸಿಕೊಳ್ಳುತ್ತಿದ್ದೆವು. ಹತ್ತು ನಿಮಿಷಕ್ಕೆ ಸುಮಾರು ಐದು ಪುಟ ಕೈಬರಹ. ದೊಡ್ಡ ದೊಡ್ಡ ವಿದ್ವಾಂಸರು ಹನ್ನೆರಡು ಪುಟ ತರುತ್ತಿದ್ದರು. ಕಡಿಮೆ ಮಾಡಿ ಅಂತ ಹೇಳುವುದು ಸುಲಭವಲ್ಲ. ನಮ್ಮ ಕಾರ್ಯಕ್ರಮ ನಿರ್ವಾಹಕರೊಬ್ಬರು ಒಂದು ಉಪಾಯ ಮಾಡುತ್ತಿದ್ದರು. ಬರಹವನ್ನು ಕೈಯಿಂದ ತೆಗೆದುಕೊಂಡು, "ಸರ್, ಇದನ್ನು ನನಗೆ ಹೇಳಿ, ಓದಬೇಡಿ" ಅನ್ನುತ್ತಿದ್ದರು. ಅವರು ಹೇಳಲು ಶುರು ಮಾಡಿದರೆ ಉದ್ದ ವಾಕ್ಯ ತಾನೇ ಮುರಿದು ಬೀಳುತ್ತಿತ್ತು. "ಮೇಲ್ಕಂಡ", "ಕೆಳಗಿನಂತೆ" ಅನ್ನುವ ಪದಗಳು ಉದುರಿ ಹೋಗುತ್ತಿದ್ದವು. ಕಿವಿಗೆ ಮೇಲೆ ಕೆಳಗೆ ಎಲ್ಲಿದೆ? ಆಮೇಲೆ ಹೇಳಿದ ಹಾಗೇ ಬರೆಸುತ್ತಿದ್ದರು.

ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು. ಪಿನ್ನು ತೆಗೆಯಬೇಕು. ಓದಿ ಮುಗಿದ ಹಾಳೆಯನ್ನು ಮಗುಚಬಾರದು. ಎರಡು ಬೆರಳಲ್ಲಿ ಎತ್ತಿ, ಪಕ್ಕದ ಬಟ್ಟೆ ಹಾಸಿದ ಮೇಜಿನ ಮೇಲೆ ಮೆಲ್ಲನೆ ಇಡಬೇಕು. ಆ ಸರಪರ ಸದ್ದು ಮೈಕಿಗೆ ಬಿತ್ತೋ, ಕೇಳುಗನಿಗೆ ಗೊತ್ತಾಯಿತು: ಇವರು ನನ್ನ ಹತ್ತಿರ ಮಾತಾಡುತ್ತಿಲ್ಲ, ಓದುತ್ತಿದ್ದಾರೆ. ಅಲ್ಲಿಗೆ ನಂಟು ಹರಿಯಿತು. ಬಳೆ ಹಾಕಿಕೊಂಡು ಬಂದ ಹೆಂಗಸರು ತೆಗೆದಿಡಲು ಮನಸ್ಸಿಲ್ಲದಿದ್ದರೆ, ಬಳೆಗಳ ಮೇಲೆ ಕರವಸ್ತ್ರ ಸುತ್ತಿ ಕೂರಿಸುತ್ತಿದ್ದೆ.

ಹೊಸಗಾಳಿಯವರೇ, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಅಷ್ಟು ಜತನದಿಂದ ಮಾಡಿದ್ದು ಒಂದೇ ಸಲಕ್ಕೆ ಹೋಗುವುದು ನಮಗೂ ನೋವೇ. ಆದರೆ ಒಂದೇ ಸಲ ಅನ್ನುವ ಕಾರಣಕ್ಕೇ ಅಷ್ಟು ಜತನ ಇತ್ತು. ಮುಂದೆ ಓಡಿಸಲು ಆಗದ, ಹಿಂದೆ ತಿರುಗಿಸಲು ಆಗದ ಕೇಳುಗನಿಗೆ ಮಾತಾಡುವುದು ಬೇರೆಯದೇ ವಿದ್ಯೆ.

ಹೊಲದ ಬದು

ಕೃಷಿರಂಗದ ಬಗ್ಗೆ ಬರೆದದ್ದು ನೋಡಿ ಖುಷಿಯಾಯಿತು. ಆಕಾಶವಾಣಿಯಲ್ಲಿ ಕೃಷಿ ಮತ್ತು ಗೃಹ ವಿಭಾಗ ಶುರುವಾಗಿದ್ದು 1966ರಲ್ಲಿ. ಹಸಿರು ಕ್ರಾಂತಿಯ ಕಾಲ ಅದು. ತಂಜಾವೂರು ಕಡೆ ಎಡಿಟಿ 27 ಅನ್ನುವ ಭತ್ತದ ತಳಿಯನ್ನು ಜನ ರೇಡಿಯೋ ಕೇಳಿ ಬಿತ್ತಿದರು. ಅದಕ್ಕೆ "ರೇಡಿಯೋ ಭತ್ತ" ಅಂತಲೇ ಹೆಸರು ಬಿತ್ತು. ಅದಕ್ಕೂ ಮೊದಲು, 1956ರಲ್ಲಿ, ಪುಣೆ ಸುತ್ತಿನ ಸುಮಾರು 150 ಹಳ್ಳಿಗಳಲ್ಲಿ ಒಂದು ಪ್ರಯೋಗ ಆಗಿತ್ತು. ಊರವರು ಒಟ್ಟಿಗೆ ಕೂತು ಕೇಳುವುದು, ಕೇಳಿದ ಮೇಲೆ ಚರ್ಚೆ ಮಾಡುವುದು, ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುವುದು. ಯುನೆಸ್ಕೋ ಸಹಾಯ ಇತ್ತು. ಅದು ಚೆನ್ನಾಗಿ ನಡೆದದ್ದರಿಂದ ಮುಂದೆ ದೇಶದ ಬೇರೆ ಕಡೆಗೂ ಹೋಯಿತು.

ನಮ್ಮ ಬೆಂಗಳೂರು ನಿಲಯದ ಹಳ್ಳಿ ಕಾರ್ಯಕ್ರಮ ಅಂದರೆ ಈರಣ್ಣ. ಆ ಪಾತ್ರದ ದನಿ ಎ.ಎಸ್. ಮೂರ್ತಿಯವರದು. ನಮ್ಮ ತಾತನಿಗೆ ಮೂರ್ತಿ ಅಂದರೆ ಯಾರು ಅಂತ ಗೊತ್ತಿರಲಿಲ್ಲ. ಈರಣ್ಣ ಅಂದರೆ ನೆಂಟ. ಈರಣ್ಣ ಹೇಳಿದ ಅಂತ ಬೀಜ ಬದಲಿಸಿದ ಮನುಷ್ಯ ಅವರು. ಇಲಾಖೆಯವರು ಮೂರು ಸಲ ಬಂದು ಹೇಳಿದಾಗ ಬದಲಿಸಿರಲಿಲ್ಲ.

ಈಗ ಮೊಬೈಲಿನಲ್ಲಿ ಬೆಲೆ, ಹವಾಮಾನ ಎಲ್ಲ ಬರುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ನಾನು ಇನ್ನೂ ಬೆಳಗಿನ ವಾರ್ತೆಯಲ್ಲಿ ಅಣೆಕಟ್ಟೆಗಳ ನೀರಿನ ಮಟ್ಟ ಕೇಳುತ್ತೇನೆ. ಕೆಆರ್‌ಎಸ್ ತುಂಬುವ ಮಟ್ಟ 124.80 ಅಡಿ. ನಮ್ಮೂರಲ್ಲಿ ಮಕ್ಕಳಿಗೂ ಈ ಅಂಕಿ ಗೊತ್ತು. ಓದುವವರು "ನೂರಾ ಇಪ್ಪತ್ತು ಅಡಿ" ಅಂದ ದಿನ ನಾಲೆಗೆ ನೀರು ಬರುವ ಧೈರ್ಯ ಬರುತ್ತದೆ. ಅದನ್ನು ಪರದೆಯ ಮೇಲೆ ಓದಿದರೆ ನನಗೆ ಹಾಗೆ ಅನಿಸುವುದಿಲ್ಲ.

ಕಡಲ ಕರೆ

ಮಂಗಳೂರು ಕಡೆಯವರು ಇನ್ನೂ ಯಾರೂ ಬರೆದಿಲ್ಲ! ತಾಳಮದ್ದಳೆ ಬಿಟ್ಟು ರೇಡಿಯೋ ಮಾತು ಪೂರ್ತಿಯಾಗುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಇಬ್ಬರು ಅರ್ಥಧಾರಿಗಳು ಕೂತು ಮಾತಿನಲ್ಲೇ ಕುರುಕ್ಷೇತ್ರ ನಡೆಸುತ್ತಾರೆ. ರೇಡಿಯೋಗೆ ಹೇಳಿ ಮಾಡಿಸಿದ ಕಲೆ. ಜೊತೆಗೆ ತುಳು ಕಾರ್ಯಕ್ರಮ. ನಮ್ಮ ಅಮ್ಮ ಬೀಡಿ ಕಟ್ಟುತ್ತಾ ಕೇಳುತ್ತಿದ್ದರು. ಕರ್ಣನ ಮಾತು ಬಂದಾಗ ಕತ್ತರಿ ನಿಲ್ಲುತ್ತಿತ್ತು.

ಬಾನುಲಿಕಿವಿ

ಎಷ್ಟು ಒಳ್ಳೆಯ ಉತ್ತರಗಳು! ಮಗ್ಗ ನಿಂತದ್ದು, ಕತ್ತರಿ ನಿಂತದ್ದು ಎರಡನ್ನೂ ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಹೊಸಗಾಳಿಯವರಿಗೆ: ನೀವು ಕೇಳುವ ಪಾಡ್‌ಕಾಸ್ಟುಗಳನ್ನು ನಾನೂ ಕೇಳುತ್ತೇನೆ. ನನಗೆ ಕಾಣುವ ವ್ಯತ್ಯಾಸ ಇಷ್ಟೇ. ಅಲ್ಲಿ ನನಗೆ ಇಷ್ಟವಾದದ್ದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಬರುತ್ತದೆ. ಇಲ್ಲಿ ಸಂಸ್ಕೃತ ವಾರ್ತೆಯ ಪಕ್ಕದಲ್ಲಿ ಅಡಿಕೆ, ಅಡಿಕೆಯ ಪಕ್ಕದಲ್ಲಿ ಗಮಕ, ಗಮಕದ ಪಕ್ಕದಲ್ಲಿ ಬಾಣಂತಿಯ ಆರೈಕೆ. ಈ ಸಾಲು ನನಗೋಸ್ಕರ ಕಟ್ಟಿದ್ದಲ್ಲ. ಯಾರೋ ಒಬ್ಬರಿಗೋಸ್ಕರ ಕಟ್ಟಿದ್ದೂ ಅಲ್ಲ. ಮದುವೆಯಾಗದ ನಾನು ಬಾಣಂತಿಯ ಆರೈಕೆ ಕೇಳಿದೆ. ನನ್ನ ಅಕ್ಕ ಮೊದಲ ಹೆರಿಗೆಯಲ್ಲಿ ಯಾಕೆ ಅಷ್ಟು ಅಳುತ್ತಿದ್ದಳು ಅಂತ ಹದಿನಾಲ್ಕು ವರ್ಷದ ಮೇಲೆ ಅರ್ಥವಾಯಿತು. ಅವತ್ತೇ ಅವಳಿಗೆ ಫೋನ್ ಮಾಡಿದೆ.

ಇದು ಶುರುವಾದ ಬಗೆಯೂ ಹೀಗೇ. 1935ರಲ್ಲಿ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದರು. ಲಾಭಕ್ಕಲ್ಲ. ಕಾಲೇಜಿನ ಒಳಗಿನ ಮಾತು ಊರಿನ ಮನೆಗಳಿಗೂ ಹೋಗಲಿ ಅಂತ. ಆಕಾಶವಾಣಿ ಅನ್ನುವ ಹೆಸರು ಆ ಮನೆಯಿಂದ ಬಂದು ಮುಂದೆ ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಕನ್ನಡ ನಾಡಿನ ಒಂದು ಮನೆಯಿಂದ ಹೋದ ಹೆಸರು ಅದು. ನನಗೆ ಇದು ಹೆಮ್ಮೆಯ ವಿಷಯ. ಎಷ್ಟು ಸಲ ಹೇಳಿದರೂ ಸಾಲದು.

ಕಪ್ಪು ಟ್ರಾನ್ಸಿಸ್ಟರ್

ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಬೆಂಗಳೂರು 612 ಬರೀ ಗುರ್ ಅನ್ನುತ್ತದೆ. ರಾತ್ರಿ ಬೇರೆ ಬೇರೆ ಭಾಷೆ ನುಗ್ಗುತ್ತದೆ. ಸೆಟ್ಟು ಕೆಟ್ಟಿದೆಯಾ?

ತಂತಿ ಕಂಬ

ಸೆಟ್ಟು ಚೆನ್ನಾಗಿರಬಹುದು. ರಿಪೇರಿಗೆ ಕೊಡುವ ಮುಂಚೆ ಇಷ್ಟು ಮಾಡಿ ನೋಡಿ.

ಮನೆಯ ಎಲ್ಇಡಿ ದೀಪ, ಮೊಬೈಲ್ ಚಾರ್ಜರ್ ಒಂದೊಂದಾಗಿ ಆರಿಸಿ. ಆ ಗುರ್ ಸದ್ದು ಹೆಚ್ಚಾಗಿ ಅವುಗಳದ್ದೇ. ಎರಡನೆಯದು, ಮೀಡಿಯಂ ವೇವ್‌ಗೆ ಉದ್ದನೆಯ ಏರಿಯಲ್ ಕಡ್ಡಿ ಕೆಲಸ ಮಾಡುವುದಿಲ್ಲ. ಸೆಟ್ಟಿನ ಒಳಗೆ ತಂತಿ ಸುತ್ತಿದ ಒಂದು ಫೆರೈಟ್ ಸಲಾಕೆ ಅಡ್ಡ ಮಲಗಿರುತ್ತದೆ. ಅದರ ತುದಿ ನಿಲಯದ ಕಡೆ ಇದ್ದರೆ ದನಿ ಸಾಯುತ್ತದೆ. ಮಗ್ಗುಲು ನಿಲಯದ ಕಡೆ ಬಂದರೆ ಏಳುತ್ತದೆ. ಹಾಗಾಗಿ ಸೆಟ್ಟನ್ನೇ ಮೆಲ್ಲಗೆ ತಿರುಗಿಸಿ. ನಮ್ಮ ಮನೆಯ ಕಿಟಕಿಯ ಹತ್ತಿರ ರೇಡಿಯೋ ಇಡುವ ಕಡೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದೇವೆ. ಒಂದು ಗೆರೆ ಬೆಂಗಳೂರಿಗೆ, ಇನ್ನೊಂದು ಭದ್ರಾವತಿಗೆ.

ರಾತ್ರಿ ಬೇರೆ ಭಾಷೆ ಬರುವುದು ಸಹಜ. ಹಗಲು ಬಿಸಿಲಿಗೆ ಆಕಾಶದ ಕೆಳಗಿನ ಪದರ ಮೀಡಿಯಂ ವೇವ್ ಅಲೆಯನ್ನು ನುಂಗುತ್ತದೆ. ಕತ್ತಲಾದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತದೆ. ಕಾಡಲ್ಲಿ ಗಸ್ತಿನಲ್ಲಿದ್ದಾಗ ನನಗೆ ಕನ್ನಡ ಸಿಕ್ಕದ ರಾತ್ರಿ ತಮಿಳು, ಸಿಂಹಳ ಕೇಳಿ ಮಲಗಿದ್ದುಂಟು. ಆದರೂ ಆಗಲಿಲ್ಲ ಅಂದರೆ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಹೆಚ್ಚಿನ ಕನ್ನಡ ನಿಲಯಗಳು ಸ್ವಚ್ಛವಾಗಿ ಬರುತ್ತವೆ.

ಮೂರನೇ ತಲೆಮಾರು

ನನ್ನದು ಸ್ವಲ್ಪ ನೋವಿನ ಕತೆ. ನಮ್ಮ ಅಜ್ಜಿ ಸೋಬಾನೆ ಪದ ಹೇಳುತ್ತಿದ್ದರು. ಒಂದು ನಿಲಯದವರು ಊರಿಗೆ ಬಂದು ಅರ್ಧ ಗಂಟೆ ಮಾತಾಡಿಸಿ ಧ್ವನಿಮುದ್ರಣ ಮಾಡಿಕೊಂಡರು. ಪದ ಹೇಗೆ ಕಲಿತೆ, ಯಾರ ಹತ್ತಿರ ಕಲಿತೆ, ಗಂಡ ತೀರಿಕೊಂಡ ಮೇಲೆ ಮದುವೆ ಮನೆಗೆ ಕರೆಯುವುದನ್ನು ಬಿಟ್ಟದ್ದು, ಎಲ್ಲ ಹೇಳಿದ್ದರಂತೆ. ಪ್ರಸಾರದ ದಿನ ಊರಲ್ಲಿ ಕರೆಂಟು ಇರಲಿಲ್ಲ. ಒಂದೇ ಒಂದು ಬ್ಯಾಟರಿ ಸೆಟ್ಟು. ಮೂವತ್ತು ಜನ ಅದರ ಸುತ್ತ ಕೂತು ಕೇಳಿದರಂತೆ. ಅಜ್ಜಿ ಮಾತ್ರ ನಾಚಿಕೊಂಡು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಿದ್ದರಂತೆ.

ಅವರು ಹೋದ ಮೇಲೆ ನಾನು ಆ ನಿಲಯಕ್ಕೆ ಹೋಗಿ ಕೇಳಿದೆ. ಒಳ್ಳೆಯ ಜನ, ಇಡೀ ಮಧ್ಯಾಹ್ನ ಹುಡುಕಿದರು. ಟೇಪಿನ ಡಬ್ಬಿ ಸಿಕ್ಕಿತು. ಮೇಲೆ ಅಜ್ಜಿಯ ಹೆಸರು ಹೊಡೆದು ಹಾಕಿ ಬೇರೆ ಕಾರ್ಯಕ್ರಮದ ಹೆಸರು ಬರೆದಿತ್ತು. ಹೊಸ ಟೇಪಿಗೆ ದುಡ್ಡಿಲ್ಲದ ಕಾಲ, ಅಳಿಸಿ ಮತ್ತೆ ಬಳಸುತ್ತಿದ್ದರು ಅಂದರು. ಆ ಹೊಡೆದು ಹಾಕಿದ ಹೆಸರಿನ ಫೋಟೋ ನನ್ನ ಹತ್ತಿರ ಇದೆ. ದನಿ ಇಲ್ಲ.

ಹಾಗಾಗಿ ಕೈಮುಗಿದು ಕೇಳುತ್ತೇನೆ. ನಿಮ್ಮ ಮನೆಯವರು ಯಾರಾದರೂ ರೇಡಿಯೋದಲ್ಲಿ ಮಾತಾಡಿದ್ದರೆ, ಮನೆಯಲ್ಲಿ ಯಾರಾದರೂ ಕ್ಯಾಸೆಟ್ಟಿಗೆ ಹಿಡಿದಿದ್ದರೆ, ಈ ವಾರವೇ ಅದನ್ನು ಕಂಪ್ಯೂಟರಿಗೆ ಹಾಕಿಸಿ. ಕ್ಯಾಸೆಟ್ಟು ಬೂಷ್ಟು ಹಿಡಿಯುತ್ತದೆ.

ಹಳೇ ಉದ್ಘೋಷಕಿ

ಓದಿ ಕಣ್ಣು ತುಂಬಿತು. ನಾನೇ ಅಂಥ ಡಬ್ಬಿಗಳ ಮೇಲೆ ಹೊಸ ಹೆಸರು ಬರೆದಿದ್ದೇನೆ. ಅಂದು ಅದರ ಕೆಳಗೆ ಯಾರ ಹೆಸರಿತ್ತು ಅಂತ ನೋಡಿರಲಿಲ್ಲ. ನಿಮ್ಮ ಅಜ್ಜಿಯವರ ಕ್ಷಮೆ ಕೇಳುತ್ತೇನೆ. ನನ್ನ ಹತ್ತಿರ ಮನೆಯಲ್ಲಿ ಇಪ್ಪತ್ತಾರು ಕ್ಯಾಸೆಟ್ಟುಗಳಿವೆ. ನಾಳೆಯಿಂದಲೇ ಶುರು ಮಾಡುತ್ತೇನೆ.

ಬೆರಳ ಓದು

ನನಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊಬೈಲ್ ನನಗೆ ಓದಿ ಹೇಳುತ್ತದೆ. ಮೊಬೈಲಿನ ದನಿ ಎಲ್ಲ ವಾಕ್ಯವನ್ನೂ ಒಂದೇ ತೂಕದಲ್ಲಿ ಓದುತ್ತದೆ. ಅಜ್ಜಿಯ ಕತೆಯನ್ನೂ ಹಾಗೇ ಓದಿತು. ರೇಡಿಯೋ ನಾಟಕದಲ್ಲಿ ಒಬ್ಬರು ಮಾತಾಡದೆ ನಿಂತಿದ್ದಾರೆ ಅಂತ ನನಗೆ ತಿಳಿಯುತ್ತದೆ. ಉಸಿರಿನಿಂದ ತಿಳಿಯುತ್ತದೆ. ಹೆಜ್ಜೆ ಮಣ್ಣಿನ ಮೇಲೋ ಹಲಗೆಯ ಮೇಲೋ ಅನ್ನುವುದೂ ತಿಳಿಯುತ್ತದೆ. ಆ ಅರ್ಧ ಗಂಟೆ ಕಣ್ಣಿರುವವರಿಗೂ ನನಗೂ ಒಂದೇ ಕತೆ, ಒಂದೇ ವೇಗ. ಪಕ್ಕದವರು "ಈಗ ಏನಾಯಿತು ಗೊತ್ತಾ" ಅಂತ ನನಗೆ ಹೇಳಬೇಕಾಗಿಲ್ಲ. ಬಹಳ ಸಲ ನಾನೇ ಅವರಿಗೆ ಹೇಳಿದ್ದೇನೆ.

ಹೊಸಗಾಳಿ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಶನಿವಾರ ಊರಿಗೆ ಹೋಗಿದ್ದೆ. ಅಮ್ಮನ ಅಟ್ಟದ ಮೇಲಿಂದ ಹಳೆಯ ಸೆಟ್ಟು ಇಳಿಸಿದೆ. ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿತ್ತು. ಸೆಲ್ ಹಾಕಿ, ತಂತಿ ಕಂಬದವರು ಹೇಳಿದ ಹಾಗೆ ತಿರುಗಿಸುತ್ತಾ ಹೋದೆ. ಗೋಡೆಯ ಕಡೆ ಮುಖ ಮಾಡಿದಾಗ ಥಟ್ಟನೆ ಮಾತು ತೆರೆಯಿತು. ಬೆಳಗಿನಿಂದ ರಾತ್ರಿವರೆಗೆ ಅಂತ ಅಲ್ಲ, ಮಧ್ಯಾಹ್ನದಿಂದ ಕೇಳಿದೆವು.

ಬೇಸರ ಬಂದ ಹೊತ್ತೂ ಇತ್ತು, ಸುಳ್ಳು ಹೇಳುವುದಿಲ್ಲ. ಒಂದು ಭಾಷಣ ಸರ್ಕಾರಿ ಯೋಜನೆಯ ಬಗ್ಗೆ. ನನ್ನ ಬೆರಳು ಮುಂದೆ ಓಡಿಸುವ ಗುಂಡಿ ಹುಡುಕುತ್ತಿತ್ತು. ಅಮ್ಮ ಮಾತ್ರ ಗಮನ ಕೊಟ್ಟು ಕೇಳುತ್ತಿದ್ದರು. ಮುಗಿದ ಮೇಲೆ, ಪಕ್ಕದ ಮನೆಯ ಒಂಟಿ ಹೆಂಗಸಿಗೆ ಆ ಪಿಂಚಣಿಗೆ ಅರ್ಜಿ ಹಾಕಲು ಯಾವ ಕಾಗದ ಬೇಕು ಅಂತ ನನಗೇ ಹೇಳಿದರು. ಮೂರು ಕಾಗದ. ನಾನೂ ಅದೇ ಭಾಷಣ ಕೇಳಿದ್ದೆ. ನನಗೆ ಒಂದೂ ನೆನಪಿರಲಿಲ್ಲ.

ಸಂಜೆ ಕೇಳುಗರ ಪತ್ರಗಳ ಕಾರ್ಯಕ್ರಮ ಬಂತು. ಯಾರೋ ಒಬ್ಬರು ಹಳ್ಳಿಯಿಂದ ಬರೆದಿದ್ದರು. ಹಿಂದಿನ ವಾರದ ನಾಟಕದಲ್ಲಿ ಅತ್ತೆಯ ಪಾತ್ರಕ್ಕೆ ಅನ್ಯಾಯ ಆಗಿದೆ ಅಂತ ದೂರು. ನಿಲಯದವರು ಅದಕ್ಕೆ ಗೌರವದಿಂದ ಉತ್ತರ ಕೊಟ್ಟರು. ಕೊನೆಯಲ್ಲಿ ಪತ್ರ ಬರೆಯುವ ವಿಳಾಸ ಹೇಳಲು ಶುರು ಮಾಡಿದರು. ಅಮ್ಮ ನನ್ನ ಕಡೆ ಕೈ ಚಾಚಿ, "ಪೆನ್ನು ಕೊಡು ಬೇಗ, ಎರಡನೇ ಸಲ ಹೇಳುತ್ತಾರೆ" ಅಂದರು.